ಕೋರ್ಟಿಗೆ ಎರವಲು ಒಡವೆ

ಮೈಸೂರಿನ ಕೋರ್ಟಿನ ಆವರಣದಲ್ಲಿ, ಹೊಂಗೆಮರದ ಬುಡದಲ್ಲಿ ಕೂರುತ್ತಿದ್ದ ಪುಟ್ಟತಾಯಮ್ಮನನ್ನು ಅರವತ್ತರ ದಶಕದ ವಕೀಲರೆಲ್ಲ ಬಲ್ಲರು. ಅವಳು ಅಲ್ಲಿ ಏನನ್ನೂ ಮಾರುತ್ತಿರಲಿಲ್ಲ, ಯಾರಲ್ಲೂ ಏನನ್ನೂ ಬೇಡುತ್ತಿರಲಿಲ್ಲ. ಕೋರ್ಟಿಗೆ ಬಂದ ಬಡ ಹೆಂಗಸರು ಒಳಗೆ ಹೋಗುವ ಮುಂಚೆ ಕೊರಳಿನದು, ಕಿವಿಯದು, ಕೈಯದು ಬಿಚ್ಚಿ ಅವಳ ಮಡಿಲಿಗೆ ಹಾಕಿ ಹೋಗುವರು; ಹೊರಗೆ ಬಂದಮೇಲೆ ತಮ್ಮತಮ್ಮದು ಎತ್ತಿಕೊಂಡು ಮನೆಯ ದಾರಿ ಹಿಡಿಯುವರು. ವಕೀಲರ ಗುಮಾಸ್ತರು ಅವಳಿಗೆ ‘ಸೆರಗಿನ ಬ್ಯಾಂಕು’ ಎಂದು ಹೆಸರಿಟ್ಟಿದ್ದರು. ಹೆಸರಿಡುವುದರಲ್ಲಿ ಗುಮಾಸ್ತರನ್ನು ಮೀರಿಸುವವರು ಯಾರಿದ್ದಾರೆ? ಆದರೆ ಆ ಬ್ಯಾಂಕು ಹುಟ್ಟಿದ್ದು ಹೇಗೆಂದು ಕೇಳಿದರೆ ಅವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅದು ಹುಟ್ಟಿದ್ದು ಪುಟ್ಟತಾಯಮ್ಮ ಅದೇ ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳಿದ ಒಂದು ಸುಳ್ಳಿನಿಂದ.

ಅವಳು ಕಡಕೊಳದ ಒಕ್ಕಲುಮನೆಯ ಹುಡುಗಿ. ಮೇಟಗಳ್ಳಿಯ ಮರಿಸ್ವಾಮಿಗೆ ಕೊಟ್ಟು ಮದುವೆ ಮಾಡಿದಾಗ ಅವನಿಗಿದ್ದದ್ದು ಒಂದು ಎತ್ತಿನ ಗಾಡಿ ಮತ್ತು ಬೇಕಾದಷ್ಟು ಮಾತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮೈಸೂರಿನ ಸುತ್ತ ಹೊಸ ಮನೆಗಳು ಏಳತೊಡಗಿದವು. ಮರಿಸ್ವಾಮಿ ಇಟ್ಟಿಗೆ ಗೂಡು ಹಾಕುತ್ತೇನೆಂದ. ಬಂಡವಾಳಕ್ಕೆ ಹೆಂಡತಿಯ ಕೊರಳು ನೋಡಿದ. ಅಲ್ಲಿ ಅವಳ ತಾಯಿ ಕೊಟ್ಟ ಕಟ್ಟಾಣಿ ಇತ್ತು. ಚಿನ್ನದ ಗುಂಡುಗಳನ್ನು ಒತ್ತೊತ್ತಾಗಿ ಪೋಣಿಸಿದ, ಕೊರಳಿಗೆ ಅಂಟಿದ ಹಾಗೆ ಕೂರುವ ಸರ. ಅದರಲ್ಲೊಂದು ಗುಂಡು ನೆಗ್ಗಿತ್ತು. ಪುಟ್ಟತಾಯಮ್ಮ ಹಲ್ಲು ಬರುವ ಕೂಸಾಗಿದ್ದಾಗ ತಾಯಿಯ ಕೊರಳಿಗೆ ಬಾಯಿ ಹಾಕಿ ಕಚ್ಚಿದ್ದ ಗುರುತು ಅದು. ಅಕ್ಕಸಾಲಿ ಸರಿಮಾಡಿಕೊಡುತ್ತೇನೆಂದರೂ ತಾಯಿ ಒಪ್ಪಿರಲಿಲ್ಲ. ‘ಇದು ನನ್ ಮಗಳ ಹೆಬ್ಬೆಟ್ಟು, ಅಂಗೇ ಇರ್ಲಿ ಬುಡಪ್ಪ’ ಎಂದು ನಕ್ಕಿದ್ದಳಂತೆ.

‘ಗಿರವಿ ಇಟ್ಟಿರ್ತೀನಿ ಅಷ್ಟೇ ಕಣೆ. ಗೂಡು ಹತ್ಕಳ್ಳಿ, ಬುಡಿಸ್ಕೊಟ್ಬುಡ್ತೀನಿ’ ಎಂದ ಮರಿಸ್ವಾಮಿ.

ಗೂಡು ಹತ್ತಿಕೊಂಡಿತು. ಮರಿಸ್ವಾಮಿ ಮಾತಿಗೆ ತಪ್ಪಲಿಲ್ಲ, ಕಟ್ಟಾಣಿಯನ್ನು ಬಿಡಿಸಿಯೇ ಬಿಡಿಸಿದ. ಬಿಡಿಸಿ ಯಾರ ಕೊರಳಿಗೆ ಹಾಕಿದ ಎಂಬುದು ಬೇರೆ ಮಾತು. ಮದುವೆಯಾಗಿ ಎಷ್ಟು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಆಡಲಿಲ್ಲ. ‘ಬಂಜೆ’ ಎಂಬ ಮಾತು ಅತ್ತೆಯ ಬಾಯಿಂದ ಹೊರಟು ಬೀದಿ ಸುತ್ತಿ ಮನೆಗೆ ಬಂತು. ಐವತ್ತನೇ ಇಸವಿಯಲ್ಲಿ ಮರಿಸ್ವಾಮಿ ಪೇಟೆಯ ಹುಡುಗಿ ಪ್ರೇಮಲೀಲಾಳನ್ನು ಎರಡನೇ ಮದುವೆಯಾಗಿ ಕರೆತಂದ. ಆಗಿನ್ನೂ ಅದಕ್ಕೆ ಕಾಯಿದೆಯ ಅಡ್ಡಿ ಇರಲಿಲ್ಲ. ಹೊಸ್ತಿಲಲ್ಲಿ ಆರತಿ ಎತ್ತಲು ನಿಂತ ಪುಟ್ಟತಾಯಮ್ಮ ದೀಪದ ಬೆಳಕಿನಲ್ಲಿ ಹೊಸ ಹೆಂಡತಿಯ ಕೊರಳು ನೋಡಿದಳು. ನೆಗ್ಗಿದ ಗುಂಡು ಮುಂದೆಯೇ ಇತ್ತು. ಸವತಿ ಬಂದದ್ದಕ್ಕೆ ಅವಳು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಕಟ್ಟಾಣಿಗೆ ಮಾಡಿಕೊಂಡಿರಲಿಲ್ಲ. ಆರತಿ ಎತ್ತಿದಳು, ತಟ್ಟೆ ಒಳಗಿಟ್ಟಳು, ಉಟ್ಟ ಸೀರೆಯಲ್ಲೇ ಹಿತ್ತಿಲ ಬಾಗಿಲಿನಿಂದ ಹೊರಟುಹೋದಳು.

ಬನ್ನಿಮಂಟಪದ ಕಡೆ ಪುಟ್ಟಬಸಮ್ಮ ಎಂಬ ಮುದುಕಿಯ ವಠಾರವಿತ್ತು. ಅಲ್ಲಿ ಒಂದು ಕೋಣೆ ಸಿಕ್ಕಿತು. ಪಕ್ಕದ ಕೋಣೆಯ ಕಮಲ, ಅರಮನೆಯ ಲಾಯದಲ್ಲಿ ಕೆಲಸಕ್ಕಿದ್ದವನ ಹೆಂಡತಿ, ಊದುಬತ್ತಿ ಹೊಸೆಯುವುದನ್ನು ಕಲಿಸಿಕೊಟ್ಟಳು. ಇದ್ದಿಲ ಪುಡಿಯನ್ನು ಅಂಟಿನ ಜೊತೆ ಕಲಸಿದ ಕಪ್ಪು ಹಿಟ್ಟನ್ನು ಮಣೆಯ ಮೇಲೆ ಬಿದಿರು ಕಡ್ಡಿಗೆ ಉರುಳಿಸುವ ಕೆಲಸ. ಯಾರ್ಯಾರದೋ ದೇವರ ಮನೆ ಘಮಘಮಿಸುತ್ತಿತ್ತು, ಇವಳ ಅಂಗೈ ಕಪ್ಪಾಗುತ್ತಿತ್ತು. ಆದರೂ ಆ ಕೋಣೆಯ ಬೀಗದ ಕೈ ತನ್ನ ಸೊಂಟದಲ್ಲಿದೆ ಎನ್ನುವುದೇ ಅವಳಿಗೆ ದೊಡ್ಡ ನೆಮ್ಮದಿ. ದಸರೆಯಲ್ಲಿ ಪಂಜಿನ ಕವಾಯತು ನೋಡಲು ಬರುವ ಜನ ವಠಾರದ ಮುಂದೆಯೇ ಹಾದುಹೋಗುವರು. ಅವಳು ಬಾಗಿಲಲ್ಲಿ ಕೂತು ಯಾರಿಗೂ ತಲೆ ತಗ್ಗಿಸದೆ ಅವರನ್ನು ನೋಡುವಳು.

ಇದ್ದಿಲ ಪುಡಿ ಎದೆಗೆ ಇಳಿದದ್ದು ನಿಧಾನವಾಗಿ. ಮೊದಲು ಬೆಳಗಿನ ಹೊತ್ತು ಕೆಮ್ಮು, ಆಮೇಲೆ ದಿನವಿಡೀ. ಹೊಸೆಯುವ ಬತ್ತಿ ಕಡಿಮೆಯಾಯಿತು, ಬಾಡಿಗೆ ಹಿಂದೆ ಬಿತ್ತು. ಅಣ್ಣ ಕೃಷ್ಣಪ್ಪ ಕಡಕೊಳದಿಂದ ಬಂದು, ‘ಸುಮ್ಕೆ ಬಂದ್ಬುಡು, ದನಕರ ನೋಡ್ಕಂಡು ಬಿದ್ದಿರೀವಂತೆ’ ಎಂದ. ಅಣ್ಣನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಆ ‘ಬಿದ್ದಿರು’ ಎಂಬ ಮಾತು ಪುಟ್ಟತಾಯಮ್ಮನಿಗೆ ಚುಚ್ಚಿತು. ಅಲ್ಲಿ ಹೋದರೆ ಅತ್ತಿಗೆಯ ಕೈಕೆಳಗೆ ಕೊಟ್ಟಿಗೆಯ ಮೂಲೆಯಲ್ಲಿ ಸಾಯುವ ತನಕ ಬಿದ್ದಿರಬೇಕೆಂದು ಅವಳಿಗೆ ಗೊತ್ತಿತ್ತು.

ಆಗ ದಾರಿ ತೋರಿಸಿದವರು ಅಂಬುಜಮ್ಮ. ಅಗ್ರಹಾರದ ವಕೀಲ ಸುಂದರೇಶಯ್ಯನವರ ಹೆಂಡತಿ. ಪುಟ್ಟತಾಯಮ್ಮ ಅವರ ಮನೆಗೆ ಊದುಬತ್ತಿ ಕೊಡಲು ಹೋದಾಗ ಕೆಮ್ಮು ಕೇಳಿ ಕೂರಿಸಿ, ಬಿಸಿನೀರು ಕೊಟ್ಟು, ಕತೆಯನ್ನೆಲ್ಲ ಹೊರಡಿಸಿ, ‘ಏನೂಂದ್ರೆ, ಸ್ವಲ್ಪ ಇಲ್ಲಿ ಬನ್ನಿ’ ಎಂದು ಗಂಡನನ್ನು ಕರೆದರು.

ಸುಂದರೇಶಯ್ಯ ಎಲ್ಲ ಕೇಳಿ ಹೇಳಿದರು, ‘ನೋಡಿ ತಾಯಮ್ಮ, ಹೋದ ವರ್ಷ ಹೊಸ ಕಾಯಿದೆ ಬಂದಿದೆ. ಇನ್ನೊಬ್ಬ ಹೆಂಡತಿ ಇರೋ ಗಂಡನಿಂದ ನೀವು ಬೇರೆ ಇದ್ದುಕೊಂಡೇ ಜೀವನಾಂಶ ಕೇಳಬಹುದು.’

‘ಕೋರ್ಟಿಗೆ ಕಟ್ಟಕ್ಕೆ ನನ್ತಾವ ಏನದೆ ಬುದ್ಧೀ?’

‘ಅದಕ್ಕೂ ದಾರಿ ಇದೆ. ಗತಿಯಿಲ್ಲದವರು ಪಾಪರ್ ಅರ್ಜಿ ಹಾಕಬಹುದು. ಕೋರ್ಟು ಒಪ್ಪಿದರೆ ಸ್ಟಾಂಪಿನ ಖರ್ಚು ಸರ್ಕಾರ ಬಿಟ್ಟುಕೊಡುತ್ತೆ. ನೀವು ಗೆದ್ದಮೇಲೆ ಅದನ್ನ ನಿಮ್ಮ ಗಂಡನ ಹತ್ತಿರ ವಸೂಲು ಮಾಡಿಕೊಳ್ಳುತ್ತೆ.’ ಇಷ್ಟು ಹೇಳಿ ಅವರು ತಮ್ಮ ಮಾಮೂಲಿ ಕೊರಗು ಶುರು ಮಾಡಿದರು. ‘ಸ್ಟಾಂಪು ಬಿಟ್ಟರೆ ಸಾಕೆ? ಡಾಕ್ಟರಿಗೆ ಸಂಬಳ ಕೊಟ್ಟು ದೊಡ್ಡಾಸ್ಪತ್ರೆ ನಡೆಸೋ ಸರ್ಕಾರ ಬಡವರ ವಕೀಲನಿಗೂ ಸಂಬಳ ಕೊಡಬೇಡವೆ?’

‘ಸರ್ಕಾರ ಕೊಡೋವರೆಗೂ ನೀವು ಕಾಯ್ತಾ ಕೂತಿರಿ, ಇವರ ಕೆಮ್ಮು ಕಾಯುತ್ತಾ?’ ಎಂದರು ಅಂಬುಜಮ್ಮ. ಅಲ್ಲಿಗೆ ವಕೀಲರ ಫೀಸಿನ ಪ್ರಶ್ನೆ ಬಗೆಹರಿಯಿತು.

‘ಪಾಪರ್’ ಎಂಬ ಮಾತು ಕೇಳಿಯೇ ಪುಟ್ಟತಾಯಮ್ಮನ ಮುಖ ಸಣ್ಣಗಾಗಿತ್ತು. ಅಂಗಡಿ ಮುಳುಗಿಸಿ ತಲೆ ಮರೆಸಿಕೊಂಡವರನ್ನು ಊರವರು ಪಾಪರ್ ಎನ್ನುತ್ತಿದ್ದರು. ತಾನು ಯಾರಿಗೂ ಮೋಸ ಮಾಡಿದವಳಲ್ಲ. ಆದರೆ ಆ ಕೋಣೆ ಉಳಿಯಬೇಕು. ಅವಳು ಹೆಬ್ಬೆಟ್ಟು ಒತ್ತಿದಳು.

‘ವಿಚಾರಣೆಗೆ ನೀವೇ ಖುದ್ದಾಗಿ ಬರಬೇಕು. ಮುನ್ಸೀಫರು ನಿಮ್ಮನ್ನೇ ನೋಡಿ ಕೇಳ್ತಾರೆ’ ಎಂದು ಸುಂದರೇಶಯ್ಯ ಹೇಳಿ ಕಳಿಸಿದರು. ಹೇಳಬೇಕಾದ ಇನ್ನೊಂದು ಮಾತು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅವರು ವಠಾರದಲ್ಲಿ ಬಾಳಿದವರಲ್ಲ.

ವಠಾರದಲ್ಲಿ ಸುದ್ದಿ ಹರಡಿತು. ಪುಟ್ಟತಾಯಿ ಸರ್ಕಾರದ ಮುಂದೆ ನಿಲ್ಲುತ್ತಾಳಂತೆ! ಮುನ್ಸೀಫರು ಅವಳನ್ನೇ ನೋಡುತ್ತಾರಂತೆ! ಪುಟ್ಟಬಸಮ್ಮ ಕೋಣೆಗೆ ಬಂದು ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

‘ಈ ಅವತಾರದಲ್ಲಿ ಹೋಗ್ತೀಯೇನವ್ವ? ಗಂಡ ಇರೋ ಮುತ್ತೈದೆ, ಬರೀ ಕೊರಳಲ್ಲಿ ದೊಡ್ಡೋರ ಮುಂದೆ ನಿಂತ್ಕೊಂಡ್ರೆ ಏನಂದಾರು? ಅವನೂ ಬಂದಿರ್ತಾನೆ. ಇವಳ ಗತಿ ಇಷ್ಟೇ ಅಂತ ಮೀಸೆ ತಿರುವಬೇಕಾ?’

ಪುಟ್ಟಬಸಮ್ಮ ತನ್ನ ಚಿನ್ನದ ಅಡ್ಡಿಕೆಯನ್ನು ತಂದು ತಾನೇ ಅವಳ ಕೊರಳಿಗೆ ಕಟ್ಟಿದಳು. ಕಮಲ ಚಿನ್ನದ ಬಳೆ, ತನ್ನ ಮದುವೆಯ ಧಾರೆ ಸೀರೆ ತಂದಳು. ವಠಾರದಲ್ಲಿ ಇದೇನೂ ಹೊಸದಲ್ಲ. ಹಸೆಗೆ, ಸೀಮಂತಕ್ಕೆ, ಹೆಣ್ಣು ತೋರಿಸುವುದಕ್ಕೆ ಒಬ್ಬರ ಒಡವೆ ಇನ್ನೊಬ್ಬರ ಮೈಮೇಲೆ ಹೋಗುವುದು, ಬರುವುದು ನಡೆದೇ ಇತ್ತು. ಅದಕ್ಕೊಂದು ಕಟ್ಟುಪಾಡು ಮಾತ್ರ ಇತ್ತು: ಕೊಟ್ಟವಳು ಕೊಟ್ಟೆ ಎನ್ನಬಾರದು, ಹಾಕಿಕೊಂಡವಳು ಎರವಲು ಎನ್ನಬಾರದು. ಮೈಮೇಲಿರುವಷ್ಟು ಹೊತ್ತು ಒಡವೆ ಅವಳದೇ. ಈ ಕಟ್ಟುಪಾಡನ್ನು ವಠಾರದಲ್ಲಿ ಯಾರೂ ಮುರಿದದ್ದಿಲ್ಲ.

ಪುಟ್ಟತಾಯಮ್ಮ ಹುಣಸೆಹಣ್ಣು, ಬೂದಿ ಹಾಕಿ ಅಂಗೈ ತಿಕ್ಕಿದಳು. ಎಷ್ಟೋ ವರ್ಷದ ಕಪ್ಪು, ಚರ್ಮ ಕಿತ್ತುಬರುವ ತನಕ ತಿಕ್ಕಿದಳು. ಅವಳ ಬಡತನಕ್ಕೆ ಇದ್ದ ಒಂದೇ ಒಂದು ಸಾಕ್ಷಿ ಬಚ್ಚಲಿನಲ್ಲಿ ಹರಿದುಹೋಯಿತು. ಕನ್ನಡಿ ಹಿಡಿದ ಕಮಲ, ‘ಥೇಟ್ ಪಟೇಲರ ಮನೆಯೋರಂಗೆ ಕಾಣ್ತೀರ ಕಣಕ್ಕ’ ಎಂದು ಸಂತೋಷಪಟ್ಟಳು. ಪುಟ್ಟತಾಯಮ್ಮನಿಗೂ ಎಷ್ಟೋ ಕಾಲದ ಮೇಲೆ ತನ್ನ ಮುಖ ತನಗೇ ಚೆನ್ನಾಗಿ ಕಂಡಿತು.

ಕೋರ್ಟಿನಲ್ಲಿ ಹೆಸರು ಕೂಗಿದಾಗ ಸುಂದರೇಶಯ್ಯ ಇನ್ನೊಂದು ಕೇಸು ಮುಗಿಸಿ ಓಡಿಬಂದರು. ಅಷ್ಟರಲ್ಲಿ ತಮ್ಮ ಕಕ್ಷಿದಾರಳು ಧಾರೆ ಸೀರೆಯುಟ್ಟು, ಅಡ್ಡಿಕೆ ಹೊಳೆಯಿಸುತ್ತಾ ಕಟಕಟೆ ಹತ್ತಿಯಾಗಿತ್ತು. ಅವರು ಹಣೆ ಹಣೆ ಚಚ್ಚಿಕೊಂಡರು. ಎದುರಿನ ಬೆಂಚಿನಲ್ಲಿ ಮರಿಸ್ವಾಮಿ ಸಿಲ್ಕ್ ಜುಬ್ಬ ತೊಟ್ಟು ಕೂತಿದ್ದ.

ಸರ್ಕಾರಿ ವಕೀಲರು ಅನಂತಪದ್ಮನಾಭಯ್ಯ. ಕೆಟ್ಟವರಲ್ಲ, ಆದರೆ ಸರ್ಕಾರದ ಒಂದು ಸ್ಟಾಂಪು ಸುಮ್ಮನೆ ಹೋದರೆ ತಮ್ಮ ಮನೆಯ ತುಪ್ಪ ಚೆಲ್ಲಿದ ಹಾಗೆ ಸಂಕಟಪಡುವವರು. ಕನ್ನಡಕ ಸರಿಮಾಡಿಕೊಂಡು ಎದ್ದರು.

‘ಏನಮ್ಮ, ಉಟ್ಟ ಬಟ್ಟೆ ಬಿಟ್ಟರೆ ನೂರು ರೂಪಾಯಿನ ಸೊತ್ತೂ ಇಲ್ಲ ಅಂತ ಅರ್ಜಿ ಕೊಟ್ಟಿದ್ದೀರಿ. ನಿಜವೆ?’

‘ನಿಜ ಬುದ್ಧೀ.’

‘ಹಾಗಾದರೆ ಕೊರಳಲ್ಲಿರೋ ಈ ಅಡ್ಡಿಕೆ ಯಾರದು?’

ಪುಟ್ಟತಾಯಮ್ಮನ ಕಣ್ಣು ಮರಿಸ್ವಾಮಿಯ ಕಡೆ ಹೋಯಿತು. ಅವನು ತುಟಿಯ ಕೊನೆಯಲ್ಲಿ ನಗುತ್ತಿದ್ದ. ತನ್ನ ಕೊರಳು ಬರಿದು ಮಾಡಿದವನ ಎದುರು ‘ಇದು ಎರವಲು’ ಎನ್ನುವುದೆ? ಪುಟ್ಟಬಸಮ್ಮನ ಹೆಸರು ಸಭೆಯಲ್ಲಿ ಎತ್ತುವುದೆ? ಕೋರ್ಟು, ಅರ್ಜಿ, ಕೋಣೆ ಎಲ್ಲ ಮರೆತುಹೋಯಿತು.

‘ನಂದೇ ಸ್ವಾಮಿ’ ಎಂದಳು.

‘ಬಳೆ?’

‘ಅವೂ ನನ್ನವೇ.’

ಅನಂತಪದ್ಮನಾಭಯ್ಯ ಮುನ್ಸೀಫರ ಕಡೆ ತಿರುಗಿ ಕೈ ಚೆಲ್ಲಿದರು. ಸುಂದರೇಶಯ್ಯ ಎದ್ದು, ಕಕ್ಷಿದಾರಳು ಗಾಬರಿಯಾಗಿದ್ದಾಳೆ, ಸಾಕ್ಷಿ ತರಲು ಇನ್ನೊಂದು ದಿನ ಕೊಡಬೇಕೆಂದು ಗೋಗರೆದು ವಾಯಿದೆ ಪಡೆದರು. ಮುನ್ಸೀಫರು ವಾಯಿದೆ ಕೊಟ್ಟರು, ‘ಅದೇ ಕೊನೆ’ ಎಂದೂ ಹೇಳಿದರು.

ಹೊರಗೆ ಹೊಂಗೆಮರದ ಕೆಳಗೆ ಸುಂದರೇಶಯ್ಯ ಕೂಗಾಡಿದರು. ‘ನನ್ನದಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಸತ್ಯವನ್ನೇ ಹೇಳಿ ಅಂತ ತಾನೆ ಕೇಳಿದ್ದು!’

‘ಆತನ ಮುಂದೆ ಎಂಗೆ ಏಳ್ಲಿ ಬುದ್ಧೀ? ನೀವೇ ಏಳಿ’ ಎಂದು ಪುಟ್ಟತಾಯಮ್ಮ ಅಳತೊಡಗಿದಳು. ‘ಬ್ಯಾಡ, ಬುಟ್ಬುಡಿ. ಕೊಟ್ಟೋರ ಮರ್ಯಾದೆ ಬೀದಿಗೆ ತರಾಕಿಲ್ಲ ನಾನು. ಕಡಕೊಳಕ್ಕೇ ಹೊಂಟೋಯ್ತೀನಿ.’

ವಠಾರಕ್ಕೆ ಬಂದು ಒಡವೆ, ಸೀರೆ ಮರಳಿಸಿದಳು. ಏನಾಯಿತೆಂದು ಕೇಳಿದವರಿಗೆ ‘ಆಯ್ತು’ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಆದರೆ ಸುಂದರೇಶಯ್ಯ ಬಿಡುವ ಆಸಾಮಿಯಲ್ಲ. ಮಾರನೆಯ ಸಂಜೆಯೇ ಸೈಕಲ್ಲು ತುಳಿದುಕೊಂಡು ವಠಾರಕ್ಕೆ ಬಂದು, ಬಾವಿಕಟ್ಟೆಯ ಹತ್ತಿರ ನಿಂತು, ನಡೆದದ್ದನ್ನೆಲ್ಲ ಹೆಂಗಸರಿಗೆ ಹೇಳಿಬಿಟ್ಟರು. ಒಡವೆ ಕೊಟ್ಟವರು ಬಂದು ಹೇಳದಿದ್ದರೆ ಅರ್ಜಿ ವಜಾ ಎಂದರು.

ಕಮಲ ಸೆರಗು ಬಾಯಿಗೆ ಒತ್ತಿಕೊಂಡಳು. ಬಳೆ ಕೊಟ್ಟದ್ದು ಅವಳ ಗಂಡನಿಗೆ ಗೊತ್ತಿರಲಿಲ್ಲ. ಪುಟ್ಟಬಸಮ್ಮನಿಗೆ ಕೋಪವೇ ಬಂತು.

‘ಕೊಟ್ಟಿದ್ದನ್ನ ಕೊಟ್ಟೆ ಅಂತ ಸಾರಿಕೊಂಡು ಬರೋದಾ? ನಮ್ಮಲ್ಲಿ ಅದು ನಡಿಯಾಕಿಲ್ಲ ಸ್ವಾಮಿ.’

‘ಆಗಲಿ ತಾಯಿ. ಹಾಗಾದರೆ ಆಕೆ ಕೋಣೆಗೆ ಬೇರೆ ಬಾಡಿಗೆಯೋರನ್ನ ನೋಡಿಕೊಳ್ಳಿ’ ಎಂದು ಸುಂದರೇಶಯ್ಯ ಸೈಕಲ್ಲು ಹತ್ತಿ ಹೋದರು.

ಪುಟ್ಟಬಸಮ್ಮ ಬಹಳ ಹೊತ್ತು ಬಾವಿಕಟ್ಟೆಯ ಮೇಲೆಯೇ ಕೂತಿದ್ದಳು. ಹಾಕಿದ ಬಾಗಿಲ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ಅವಳು ಎದ್ದುಹೋಗಿ ಬಾಗಿಲು ತಟ್ಟಿದಳು.

‘ಏಯ್, ತೆಗಿಯೇ. ಅವತ್ತು ಸಿಂಗಾರ ಮಾಡಿ ಕಳ್ಸಿದ್ದು ನಾನು. ತಪ್ಪು ನಂದು. ನಾನೇ ಬಂದು ಹೇಳ್ತೀನಿ.’

ಕೊನೆಯ ವಾಯಿದೆಯ ದಿನ ಕೋರ್ಟಿಗೆ ಅರ್ಧ ವಠಾರವೇ ಬಂದಿತ್ತು. ಈ ಸಲ ಪುಟ್ಟತಾಯಮ್ಮ ಊದುಬತ್ತಿ ಹೊಸೆಯುವ ಸೀರೆಯಲ್ಲೇ ಇದ್ದಳು. ಕೊರಳಲ್ಲಿ ತಾಳಿಯ ದಾರವೊಂದೇ. ಪುಟ್ಟಬಸಮ್ಮ ಅಡ್ಡಿಕೆ ಹಾಕಿಕೊಂಡು ಕಟಕಟೆ ಹತ್ತಿ, ಇದು ತನ್ನ ತವರಿನದು, ಅವತ್ತಿನ ಮಟ್ಟಿಗೆ ಕೊಟ್ಟಿದ್ದೆ ಎಂದಳು.

‘ಬಡವಳು ಅಂತ ಹೇಳಿಕೊಳ್ಳೋಕೆ ಬರೋಳಿಗೆ ಚಿನ್ನ ಯಾಕಮ್ಮ ಕೊಟ್ಟಿರಿ?’ ಎಂದು ಅನಂತಪದ್ಮನಾಭಯ್ಯ ಕೇಳಿದರು.

‘ಸರ್ಕಾರದ ಮುಂದೆ ಬರ್ತಾಳೆ ಅಂತ ಕೊಟ್ಟೆ. ನಿಮ್ಮ ಮನೆ ಹೆಣ್ಣುಮಗಳು ನಾಲ್ಕು ಜನದ ಮುಂದೆ ಹೊರಟರೆ ನೀವು ಬರೀ ಕೊರಳಲ್ಲಿ ಕಳಿಸ್ತೀರೇನಪ್ಪ?’

ಕೋರ್ಟಿನಲ್ಲಿ ನಗು ಎದ್ದಿತು. ಅನಂತಪದ್ಮನಾಭಯ್ಯನವರಿಗೂ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ಕಮಲ ಬಂದು ಬಳೆ ತನ್ನವೆಂದಳು. ಗಂಡನಿಗೆ ಹಿಂದಿನ ದಿನವೇ ಹೇಳಿ ಬೈಸಿಕೊಂಡೂ ಆಗಿತ್ತು. ಕೊನೆಗೆ ಮುನ್ಸೀಫರು ಪುಟ್ಟತಾಯಮ್ಮನನ್ನು ಕೇಳಿದರು, ‘ಏನಮ್ಮ, ಅವತ್ತು ನಿನ್ನದೇ ಅಂದೆಯಲ್ಲ?’

ಎದುರಿಗೆ ಅದೇ ಬೆಂಚು, ಅದೇ ಜುಬ್ಬ. ಪುಟ್ಟತಾಯಮ್ಮ ಕಟಕಟೆಯ ಪಟ್ಟಿ ಬಿಗಿಯಾಗಿ ಹಿಡಿದುಕೊಂಡಳು.

‘ಸುಳ್ಳು ಏಳ್ದೆ ಸ್ವಾಮಿ. ನಾಚ್ಕೆಗೆ ಏಳ್ದೆ. ಒಡವೆ ನಂದಲ್ಲ, ಸೀರೆ ನಂದಲ್ಲ. ನಂದು ಅಂತ ಒಂದು ಕಟ್ಟಾಣಿ ಇತ್ತು. ಅದು ಅಲ್ಲಿ ಕೂತವ್ರಲ್ಲ, ಅವ್ರ ಮನೇಲದೆ. ಇವತ್ತು ನನ್ತಾವ ಏನೂ ಇಲ್ಲ.’

ಅರ್ಜಿ ಮಂಜೂರಾಯಿತು. ದಾವೆ ನಡೆದು ಜೀವನಾಂಶದ ಡಿಕ್ರಿಯೂ ಆಯಿತು; ಬಿಟ್ಟುಕೊಟ್ಟಿದ್ದ ಸ್ಟಾಂಪಿನ ಬಾಬ್ತನ್ನು ಸರ್ಕಾರ ಮರಿಸ್ವಾಮಿಯಿಂದ ವಸೂಲು ಮಾಡಿತು. ಕಟ್ಟಾಣಿ ಮಾತ್ರ ಬರಲಿಲ್ಲ. ಅಂಥದ್ದೊಂದು ತನ್ನ ಮನೆಯಲ್ಲಿ ಇರಲೇ ಇಲ್ಲವೆಂದು ಮರಿಸ್ವಾಮಿ ದೇವರ ಮೇಲೆ ಆಣೆಯಿಟ್ಟ. ಅವನಿಗೆ ದೇವರ ಮೇಲೆ ಅಷ್ಟು ಸಲಿಗೆ ಇತ್ತು. ಆದರೂ ಕೋಣೆ ಉಳಿಯಿತು, ಇದ್ದಿಲ ಪುಡಿ ಬಿಟ್ಟು ಹೂ ಕಟ್ಟುವ ಕೆಲಸ ಹಿಡಿದಮೇಲೆ ಕೆಮ್ಮೂ ಇಳಿಯಿತು.

ಡಿಕ್ರಿಯಾದ ಮಾತ್ರಕ್ಕೆ ಗಂಡಂದಿರು ತಾವಾಗಿಯೇ ತಂದು ಕೊಡುತ್ತಾರೆಯೆ? ಡಿಕ್ರಿಯ ಹಣ ವಸೂಲು ಮಾಡುವ ಅಮಲ್ಜಾರಿಗೆಂದು ಪುಟ್ಟತಾಯಮ್ಮ ಆಗಾಗ ಕೋರ್ಟಿಗೆ ಬರಲೇಬೇಕಾಯಿತು. ಬಂದಾಗ ಹೊಂಗೆಮರದ ಕೆಳಗೆ ಕೂರುವಳು. ಅಲ್ಲಿ ಕೂತು ನೋಡಿದರೆ ಒಂದು ವಿಷಯ ಅವಳ ಕಣ್ಣಿಗೆ ಹೊಡೆದು ಕಾಣುತ್ತಿತ್ತು: ಪಾಪರ್ ಅರ್ಜಿಗೆಂದು ಹಳ್ಳಿಗಳಿಂದ ಬರುವ ಹೆಂಗಸರೆಲ್ಲ ಥಳಥಳ ಹೊಳೆಯುತ್ತ ಬರುತ್ತಿದ್ದರು. ಅವರವರ ಊರಿನಲ್ಲೂ ಒಬ್ಬೊಬ್ಬ ಪುಟ್ಟಬಸಮ್ಮ ಇದ್ದಾಳೆಂದು ಅವಳಿಗೆ ಅರ್ಥವಾಯಿತು.

ಒಂದು ದಿನ ತಡೆಯಲಾರದೆ ಒಬ್ಬಳನ್ನು ಕರೆದು ಕೇಳಿದಳು, ‘ಮಗಾ, ಇದು ನಿಂದಾ, ಎರವಲಾ?’

‘ನಂದೇ ಕಣಮ್ಮೋ’ ಎಂದು ಆಕೆ ಮುಖ ತಿರುಗಿಸಿದಳು.

ಪುಟ್ಟತಾಯಮ್ಮನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಕತೆ ಹೇಳಿದಳು. ಕೇಳಿದವಳು ಸುಮ್ಮನೆ ಓಲೆ ಬಿಚ್ಚಿ ಅವಳ ಕೈಗೆ ಕೊಟ್ಟು ಒಳಗೆ ಹೋದಳು. ಬ್ಯಾಂಕು ತೆರೆದದ್ದು ಹಾಗೆ. ಆಮೇಲೆ ಅಮಲ್ಜಾರಿ ಇಲ್ಲದ ದಿನವೂ ಪುಟ್ಟತಾಯಮ್ಮ ಹೂವಿನ ಬುಟ್ಟಿ ಖಾಲಿ ಮಾಡಿ ಮರದ ಕೆಳಗೆ ಬಂದು ಕೂರತೊಡಗಿದಳು. ಅವಳದೊಂದು ಕಟ್ಟುನಿಟ್ಟಿತ್ತು. ‘ನಿಂದೇ ಆದ್ರೆ ಹಾಕ್ಕಂಡೇ ಹೋಗು, ಸರ್ಕಾರಕ್ಕೆ ಮೋಸ ಬ್ಯಾಡ. ಕಂಡೋರದಾದ್ರೆ ಮಾತ್ರ ನನ್ ಮಡ್ಲಿಗೆ ಹಾಕು’ ಎನ್ನುವಳು. ಅವಳ ಮುಂದೆ ಸುಳ್ಳು ಹೇಳಿದವರು ಕಡಿಮೆ. ಕೂದಲು ನರೆತ ಅನಂತಪದ್ಮನಾಭಯ್ಯ ಮರದ ಹತ್ತಿರ ಹಾದುಹೋಗುವಾಗ, ‘ಏನಮ್ಮ, ಇವತ್ತು ಬ್ಯಾಂಕು ಭರ್ತಿಯೋ?’ ಎಂದು ಕೇಳಿ ಹೋಗುವರು.

ಅರವತ್ತೈದನೇ ಇಸವಿಯ ಒಂದು ಬೆಳಗ್ಗೆ ಪ್ರೇಮಲೀಲಾ ಬಂದಳು.

ಪುಟ್ಟತಾಯಮ್ಮ ದೂರದಿಂದಲೇ ಗುರುತು ಹಿಡಿದಳು. ಆರತಿ ಎತ್ತಿಸಿಕೊಂಡಾಗಿನ ದುಂಡು ಮುಖ ಸೊರಗಿತ್ತು, ನಡಿಗೆ ಕುಗ್ಗಿತ್ತು. ಅವಳಿಗೂ ಮಕ್ಕಳಾಗಿರಲಿಲ್ಲ. ಇಬ್ಬರು ಹೆಂಡತಿಯರಲ್ಲೂ ಮಕ್ಕಳಿಲ್ಲ ಎಂದಮೇಲೆ ಕುಂದು ಯಾರದೆಂದು ಮರಿಸ್ವಾಮಿಯ ಮನೆಯಲ್ಲಿ ಒಬ್ಬರೂ ಯೋಚಿಸಲಿಲ್ಲ; ಪ್ರೇಮಲೀಲಾಳನ್ನೂ ಹೊರಗೆ ಹಾಕಿದರು. ಅವಳೂ ಈಗ ಪಾಪರ್ ಅರ್ಜಿ ಹಾಕಿದ್ದಳು. ಅವನು ಈಗ ಮತ್ತೊಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂಬ ಸುದ್ದಿ ಮೇಟಗಳ್ಳಿಯಿಂದ ಹೂವಿನ ಮಾರ್ಕೆಟ್ಟಿಗೂ ಬಂದಿತ್ತು.

ಪ್ರೇಮಲೀಲಾ ಮರದ ಹತ್ತಿರ ಬಂದು ನಿಂತಳು. ಮೈಯೆಲ್ಲ ಬೋಳು, ಕೊರಳಲ್ಲಿ ಮಾತ್ರ ಕಟ್ಟಾಣಿ. ಪುಟ್ಟತಾಯಮ್ಮನಿಗೆ ಕೈ ಚಾಚಿ ಕಿತ್ತುಕೊಳ್ಳಬೇಕೆನಿಸಿತು. ಆದರೆ ಮರದ ಕೆಳಗೆ ಬಂದ ಎಲ್ಲರನ್ನೂ ಕೇಳುವುದನ್ನೇ ಕೇಳಿದಳು.

‘ನಿಂದಾ, ಎರವಲಾ?’

ಪ್ರೇಮಲೀಲಾ ಸರಕ್ಕೆ ಕೈ ಹಾಕಿದಳು. ‘ಎರವಲು ಕಣಕ್ಕ. ಹಾಕ್ಕೊಂಡ ದಿನ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ಬಿಚ್ಚಿಕೊಡೋ ಧೈರ್ಯ ಬರಲಿಲ್ಲ.’ ಹೀಗೆಂದು ಸರ ಬಿಚ್ಚಿ ಪುಟ್ಟತಾಯಮ್ಮನ ಮಡಿಲಿಗೆ ಹಾಕಿ, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

ಪುಟ್ಟತಾಯಮ್ಮನ ಬೆರಳು ತಾನೇ ತಾನಾಗಿ ನೆಗ್ಗಿದ ಗುಂಡನ್ನು ಹುಡುಕಿ ಹಿಡಿಯಿತು. ಅವಳು ಸರವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ, ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಕೋರ್ಟಿನ ದಫೇದಾರ ಬಂದು ಕರೆದ. ಒಳಗೆ ಹೋದರೆ ಮರಿಸ್ವಾಮಿಯ ವಕೀಲರು ಜೋರಾಗಿ ಮಾತಾಡುತ್ತಿದ್ದರು. ಅರ್ಜಿದಾರಳು ಈಗ ತಾನೇ ಚಿನ್ನದ ಸರವನ್ನು ಮರದ ಕೆಳಗಿನ ಹೆಂಗಸಿನ ಹತ್ತಿರ ಬಚ್ಚಿಟ್ಟು ಬಂದಿದ್ದಾಳೆ, ಮರಿಸ್ವಾಮಿ ಕಣ್ಣಾರೆ ನೋಡಿದ್ದಾರೆ, ಇವಳು ಪಾಪರ್ ಅಲ್ಲವೇ ಅಲ್ಲ ಎಂಬುದು ಅವರ ವಾದ. ಮರಿಸ್ವಾಮಿ ಎದ್ದುನಿಂತು, ‘ಅದೇ ಸರ, ನಮ್ಮ ಮನೇದೇ! ನಾನೇ ಇವಳಿಗೆ ಮಾಡಿಸಿಕೊಟ್ಟಿದ್ದು!’ ಎಂದು ಬೆರಳು ತೋರಿಸಿದ. ಅಂಥದ್ದೊಂದು ಇರಲೇ ಇಲ್ಲವೆಂದು ಇಟ್ಟಿದ್ದ ಆಣೆ ಅವನಿಗೆ ಮರೆತಂತಿತ್ತು.

ಪುಟ್ಟತಾಯಮ್ಮ ಮತ್ತೆ ಅದೇ ಕಟಕಟೆ ಹತ್ತಿದಳು. ಗಂಟು ಬಿಚ್ಚಿ ಕಟ್ಟಾಣಿಯನ್ನು ಮುಂದಿಟ್ಟಳು. ಹೊಸ ಮುನ್ಸೀಫರಿಗೆ ಅವಳ ಪರಿಚಯವಿರಲಿಲ್ಲ. ಅನಂತಪದ್ಮನಾಭಯ್ಯ ಕನ್ನಡಕ ಸರಿಮಾಡಿಕೊಂಡು ಎದ್ದು, ಅವಳನ್ನೇ ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

‘ಈ ಸರ ಯಾರದಮ್ಮ?’

ಬೆಂಚಿನಲ್ಲಿ ಮರಿಸ್ವಾಮಿ ಇದ್ದ. ಪಕ್ಕದಲ್ಲಿ ಪ್ರೇಮಲೀಲಾ ತಲೆ ತಗ್ಗಿಸಿ ನಿಂತಿದ್ದಳು.

‘ನಂದೇ ಸ್ವಾಮಿ’ ಎಂದಳು ಪುಟ್ಟತಾಯಮ್ಮ.

‘ಈ ಸಲವಾದರೂ ನಿಜವೋ?’

‘ನಿಜ. ನನ್ ತಾಯಿ ಕೊಟ್ಟಿದ್ದು. ಈ ಗುಂಡು ನೋಡಿ, ನಾನು ಕೂಸಾಗಿದ್ದಾಗ ಕಚ್ಚಿರೋದು. ಈ ಹೆಣ್ಮಗಳ್ತಾವ ಏನೂ ಇಲ್ಲ ಸ್ವಾಮಿ. ಅವತ್ತು ನನ್ತಾವ ಎಂಗಿರ್ಲಿಲ್ವೋ ಅಂಗೇ.’

ಅನಂತಪದ್ಮನಾಭಯ್ಯ ಸರವನ್ನು ಬೆಳಕಿಗೆ ಹಿಡಿದು ನೋಡಿದರು. ಎಂಟು ವರ್ಷದ ಹಿಂದೆ ಇದೇ ಕಟಕಟೆಯಲ್ಲಿ ಇದೇ ಹೆಂಗಸು ಈ ಕಟ್ಟಾಣಿಯ ಮಾತೆತ್ತಿದ್ದು ತಮಗೆ ನೆನಪಿದೆಯೆಂದು ಮುನ್ಸೀಫರಿಗೆ ಅರಿಕೆ ಮಾಡಿದರು. ‘ಸರ್ಕಾರದ ಆಕ್ಷೇಪಣೆ ಇಲ್ಲ’ ಎಂದು ಹೇಳಿ, ಸರವನ್ನು ತಾವೇ ತಂದು ಪುಟ್ಟತಾಯಮ್ಮನ ಕೈಗೆ ಕೊಟ್ಟರು. ಪ್ರೇಮಲೀಲಾಳ ಅರ್ಜಿ ಮಂಜೂರಾಯಿತು.

ಹೊರಗೆ ಬಂದಮೇಲೆ ಇಬ್ಬರೂ ಹೊಂಗೆಮರದ ಕೆಳಗೆ ನಿಂತರು. ಪುಟ್ಟತಾಯಮ್ಮ ಕಟ್ಟಾಣಿಯನ್ನು ಕೊರಳಿಗಿಟ್ಟು, ದಾರದ ಎರಡು ತುದಿಯನ್ನು ಕತ್ತಿನ ಹಿಂದಕ್ಕೆ ಚಾಚಿದಳು. ಎಷ್ಟು ಮಾಡಿದರೂ ಗಂಟು ಕೂರಲಿಲ್ಲ.

‘ಒಸಿ ಕಟ್ಕೊಡವ್ವ’ ಎಂದು ಪ್ರೇಮಲೀಲಾಳಿಗೆ ಬೆನ್ನು ಮಾಡಿ ನಿಂತಳು.